ಎರಡು ದಿನದಲ್ಲಿ ಮೂರು ಕೇಬಲ್ ಬಲಿ: ನನ್ನ ಝೆನ್‌ಗೆ ಏನಾಗಿದೆ ಹೇಳ್ತೀರಾ?

ಮಾಜಾಳಿ ಝೆನ್
ಸೋಮವಾರ, ರಾತ್ರಿ 9:40

ನಮಸ್ಕಾರ. ಉದ್ದ ಬರೀತಾ ಇದ್ದೇನೆ, ಬೈಕೊಳ್ಳಬೇಡಿ. ಕಾರವಾರದಲ್ಲಿ ಇಬ್ಬರು ಮೆಕ್ಯಾನಿಕ್ಕರನ್ನು ಕೇಳಿ ಆಯ್ತು, ಇಬ್ಬರೂ ತಲೆ ಕೆರೆದುಕೊಂಡರು.

ಗಾಡಿ 1998ರ ಮಾರುತಿ ಝೆನ್, ಕಾರ್ಬುರೇಟರಿನದ್ದು, 993 ಸಿಸಿ. ಸೀಟು, ಕಾರ್ಪೆಟ್ ಎಲ್ಲ ಕಿತ್ತು ಕೇಜ್ (ಗಾಡಿ ಮಗುಚಿದರೆ ಕಾಪಾಡುವ ಕಬ್ಬಿಣದ ಪಂಜರ) ಹಾಕಿಸಿದ್ದೇನೆ. ವರ್ಷಕ್ಕೆ ಎರಡೋ ಮೂರೋ ಆಟೋಕ್ರಾಸ್ (ಗದ್ದೆ, ಮೈದಾನದಲ್ಲಿ ಟೈಮ್ ನೋಡಿ ಓಡಿಸುವ ಆಟ), ನಮ್ಮ ರೇಸಿಂಗ್ ಅಷ್ಟೇ. ಉಳಿದ ದಿನ ಗಾಡಿ ಮನೆ ಹಿಂದೆ ತೆಂಗಿನ ಗರಿಯ ಮಾಡಿನ ಕೆಳಗೆ ಇರ್ತದೆ. ಅಲ್ಲಿಂದ ಸಮುದ್ರಕ್ಕೆ ನೂರು ಮೀಟರ್ ಇರಬಹುದು.

ಮೊನ್ನೆ ಶನಿವಾರ, ಭಾನುವಾರ ಶಿರಸಿ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಆಟ ಇತ್ತು. ಟ್ರೇಲರ್ ಇಲ್ಲ, ಗಾಡಿ ಓಡಿಸಿಕೊಂಡೇ ಹೋಗಬೇಕು. ಶುಕ್ರವಾರ ರಾತ್ರಿ ನಾನೂ ನನ್ನ ದೋಸ್ತನೂ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿದೆವು. ಅರ್ಧ ಘಟ್ಟದಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು. ಮೇಲೆ ಒಂದು ಚಾ ಅಂಗಡಿ ಎದುರು ನಿಲ್ಲಿಸಿ ಬಾನೆಟ್ ತೆಗೆದರೆ ನೀರು ತುಂಬಿದೆ, ಕುದಿಯುವ ಸದ್ದಿಲ್ಲ, ಫ್ಯಾನೂ ತಿರುಗ್ತಾ ಇಲ್ಲ. ಅಷ್ಟರಲ್ಲಿ ಮುಳ್ಳು ತಾನೇ ಕೆಳಗೆ ಬಂದಿತ್ತು.

ಶನಿವಾರ ಮೊದಲ ಓಟ ಚೆನ್ನಾಗೇ ಆಯ್ತು, ನಮ್ಮ ಕ್ಲಾಸಿನಲ್ಲಿ ಮೂರನೇ ಟೈಮ್. ಎರಡನೇ ಓಟಕ್ಕೆ ಸಾಲಿನಲ್ಲಿ ನಿಂತಾಗ ಕ್ಲಚ್ ಭಾರ ಆಗಿತ್ತು, ಸಮುದ್ರದಿಂದ ಬಲೆ ಎಳೆದ ಹಾಗೆ. ಬಾವುಟ ಬಿತ್ತು, ಕಾಲು ಬಿಟ್ಟೆ, ಟಕ್! ಕೇಬಲ್ ತುಂಡು. ಸಂಜೆ ಶಿರಸಿ ಪೇಟೆಯಲ್ಲಿ ಹೊಸದು ಸಿಕ್ತು, ಪೆಟ್ರೋಮ್ಯಾಕ್ಸ್ ಕಾಲದ ಒಂದು ಟಾರ್ಚ್ ಹಿಡಿದು ನಾವೇ ಹಾಕಿದೆವು.

ಭಾನುವಾರ ಮೂರನೇ ಓಟ. ಎಡ ತಿರುವಿಗೆ ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಎಂಜಿನ್ ಕೂಗು ನಿಲ್ಲಲಿಲ್ಲ. ಬ್ರೇಕ್ ಒತ್ತಿ ಕೀಲಿ ತಿರುಗಿಸಿ ಆಫ್ ಮಾಡುವುದರೊಳಗೆ ಪಟ್ಟಿ ಹರಿದು ಹುಲ್ಲಿನ ಬಣವೆಗೆ ನುಗ್ಗಿ ಆಗಿತ್ತು. ಪೆಟ್ಟಾಗಲಿಲ್ಲ, ಮರ್ಯಾದೆ ಹೋಯ್ತು. ನೋಡಿದರೆ ಆಕ್ಸಿಲರೇಟರ್ ಕೇಬಲ್ ಕವಚದೊಳಗೆ ಅಂಟಿಕೊಂಡಿದೆ. ಆಟ ನೋಡಲಿಕ್ಕೆ ಬಂದ ಪುಣ್ಯಾತ್ಮರೊಬ್ಬರು ಮನೆಯಲ್ಲಿದ್ದ ಹಳೇ ಕೇಬಲ್ ತಂದುಕೊಟ್ಟರು. ವಾಪಸ್ ಬರುವಾಗ ಕುಮಟಾ ಮುಟ್ಟುವಷ್ಟರಲ್ಲಿ ಶನಿವಾರ ಹಾಕಿದ ಹೊಸ ಕ್ಲಚ್ ಕೇಬಲ್ಲೂ ಕೋಲಿನ ಹಾಗೆ ಬಿಗಿ!

ಎರಡು ದಿನ, ಮೂರು ಕೇಬಲ್. ಯಾರಿಗಾದರೂ ಹೀಗೆ ಆಗಿದೆಯಾ?

ಬನವಾಸಿ ರೋಡ್
ಸೋಮವಾರ, ರಾತ್ರಿ 10:05

ಓ, ಬಣವೆಗೆ ನುಗ್ಗಿದ್ದು ನೀನೇಯ! ನಾನು ಅಲ್ಲೇ ಮಂಡಕ್ಕಿ ತಿಂತಾ ಇದ್ದಿದ್ದಿ. ಆ ಗದ್ದೆ ಯಜಮಾನ್ರು ಹುಲ್ಲು ಹಾಳಾತು ಹೇಳಿ ಸಂಜೆತನಕ ಬೈದ.

ತಮಾಷೆ ಇರಲಿ. ಕೇಬಲ್ ಡೂಪ್ಲಿಕೇಟ್ ಮಾಲು. ಈಗ ಅಂಗಡಿಯಲ್ಲಿ ಸಿಗುವ ಅರ್ಧಕ್ಕರ್ಧ ಹಾಗೇ. ಪೊಟ್ಟಣ ಒರಿಜಿನಲ್, ಒಳಗಿನದು ದೇವರಿಗೇ ಪ್ರೀತಿ.

ಡೀಸೆಲ್ ದೇವಿಮನೆ
ಸೋಮವಾರ, ರಾತ್ರಿ 10:31

ಡೂಪ್ಲಿಕೇಟ್ ಆದರೂ ಒಂದು ದಿನಕ್ಕೆ ಹೋಗುವುದಿಲ್ಲ ಮಾರಾಯ್ರೆ. ನನ್ನ ಟೆಂಪೋದಲ್ಲಿ ಮೂರು ವರ್ಷ ಬಂದಿದೆ. ಕೇಬಲ್ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ (ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಕೊಳವೆ) ತಾಗ್ತಾ ಇರಬೇಕು, ಅದನ್ನು ನೋಡಿ. ಕೇಜ್ ಹಾಕುವಾಗ ವೆಲ್ಡಿಂಗಿನವರು ಕ್ಲಿಪ್ ಬಿಚ್ಚಿ ಮತ್ತೆ ಹಾಕಿರುವುದಿಲ್ಲ.

ಇನ್ನೊಂದು, ಘಟ್ಟದಲ್ಲಿ ಮುಳ್ಳು ಏರಿದ್ದು ಥರ್ಮೋಸ್ಟ್ಯಾಟ್ (ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕೆಟ್ಟು. ರಸ್ತೆ ಅಗಲೀಕರಣದ ಧೂಳು ರೇಡಿಯೇಟರಿಗೆ ಕೂತಿದ್ದರೂ ಕೂತಿರಬಹುದು, ನೀರು ಹೊಡೆದು ತೊಳೆಯಿರಿ.

ಮಾಜಾಳಿ ಝೆನ್
ಸೋಮವಾರ, ರಾತ್ರಿ 11:10

ಈಗಷ್ಟೇ ಹೋಗಿ ಬ್ಯಾಟರಿ ಬೆಳಕಲ್ಲಿ ನೋಡಿದೆ. ಕ್ಲಿಪ್ ಎಲ್ಲ ಇದ್ದಾವೆ, ಮ್ಯಾನಿಫೋಲ್ಡಿಗೂ ಕೇಬಲ್ಲಿಗೂ ಒಂದು ಗೇಣು ಅಂತರ ಇದೆ.

ತುಂಡಾದ ಕೇಬಲನ್ನು ಉದ್ದಕ್ಕೆ ಸೀಳಿದೆ. ಹೊರಗಿನ ಕಪ್ಪು ಚರ್ಮ ಒಂದೆರಡು ಕಡೆ ಬೊಬ್ಬೆ ಎದ್ದಿದೆ, ಅಷ್ಟೇ. ಒಳಗೆ ತಂತಿಗೂ ಸುರುಳಿಗೂ ನಡುವೆ ಇರುವ ಪ್ಲಾಸ್ಟಿಕ್ ಕೊಳವೆ ಕರಗಿ ಬೆಲ್ಲದ ಪಾಕದ ಹಾಗೆ ತಂತಿಗೆ ಅಂಟಿದೆ. ಹೊರಗಿಂದ ಬಿಸಿ ತಾಗಿದ್ದರೆ ಮೊದಲು ಹೊರಗಿನದ್ದು ಕರಗಬೇಕಿತ್ತಲ್ಲ?

ಅಘನಾಶಿನಿ
ಮಂಗಳವಾರ, ಬೆಳಿಗ್ಗೆ 7:20

ಶನಿವಾರ ಗಾಡಿ ತಪಾಸಣೆ ಮೇಜಿನಲ್ಲಿ ನಾನಿದ್ದೆ. ನಿಮ್ಮ ಗಾಡಿಯ ಕಾರ್ಬುರೇಟರಿಗೆ ಎರಡನೇ ರಿಟರ್ನ್ ಸ್ಪ್ರಿಂಗ್ ಇತ್ತು, ಕೈಯಿಂದ ಎಳೆದು ನೋಡಿದ್ದೇನೆ, ಸರಾಗ ಬಂತು. ಒಂದು ದಿನದಲ್ಲಿ ಕಚ್ಚಿಕೊಂಡಿದೆ ಅಂದರೆ ಸಣ್ಣ ವಿಷಯ ಅಲ್ಲ. ಬಣವೆ ಇದ್ದ ಜಾಗದಲ್ಲಿ ಜನ ಇದ್ದಿದ್ದರೆ? ಕಾರಣ ಗೊತ್ತಾಗದೆ ಮುಂದಿನ ಆಟಕ್ಕೆ ತರಬೇಡಿ ದಯವಿಟ್ಟು. ತಂದರೂ ನಾನು ಚೀಟಿ ಅಂಟಿಸುವುದಿಲ್ಲ.

ಮಾಜಾಳಿ ಝೆನ್
ಮಂಗಳವಾರ, ಬೆಳಿಗ್ಗೆ 8:02

ಒಪ್ಪಿದೆ ಅಕ್ಕ. ಅದಕ್ಕೇ ಇಲ್ಲಿ ಕೇಳ್ತಾ ಇರುವುದು.

ವಾಯರಿಂಗ್ ಮಾವ, ಕುಮಟಾ
ಮಂಗಳವಾರ, ಮಧ್ಯಾಹ್ನ 2:15

ಊಟ ಮಾಡಿ ಮಲಗುವವನಿದ್ದೆ, ಇದನ್ನು ಓದಿ ನಿದ್ದೆ ಹೋಯ್ತು. ತಮ್ಮಾ, ನಾಲ್ಕು ಪ್ರಶ್ನೆ. ಹೌದು, ಇಲ್ಲ ಅಂತ ಹೇಳಿದರೆ ಸಾಕು.

ಸ್ಟಾರ್ಟ್ ಮಾಡುವಾಗ ಸೆಲ್ಫ್ ನಿಧಾನಕ್ಕೆ, ಏದುಸಿರು ಬಿಟ್ಟ ಹಾಗೆ ತಿರುಗ್ತದೋ?

ಘಟ್ಟದಲ್ಲಿ ಮುಳ್ಳು ಏರಿದಾಗ ಹೆಡ್‌ಲೈಟ್ ಹಾಕಿತ್ತೋ? ಚಾ ಅಂಗಡಿ ಎದುರು ಲೈಟ್ ಆರಿಸಿದ ಮೇಲೇ ಇಳಿಯಿತೋ?

ಸ್ಪೀಡೋಮೀಟರ್ ಮುಳ್ಳು ಇತ್ತೀಚೆಗೆ ನಡುಗ್ತದೋ?

ಬ್ಯಾಟರಿ ಎಲ್ಲಿದೆ?

ಬನವಾಸಿ ರೋಡ್
ಮಂಗಳವಾರ, ಮಧ್ಯಾಹ್ನ 2:30

ಮಾವಾ, ಕ್ಲಚ್ ಕೇಬಲ್ಲಿಗೂ ಹೆಡ್‌ಲೈಟಿಗೂ ಎಂತ ಸಂಬಂಧ? ಹೊಟ್ಟೆನೋವು ಹೇಳಿ ಬಂದವನ ಹತ್ರ ಚಪ್ಪಲಿ ನಂಬರ್ ಕೇಳಿದಂಗೆ ಆತಲೇ.

ವಾಯರಿಂಗ್ ಮಾವ, ಕುಮಟಾ
ಮಂಗಳವಾರ, ಮಧ್ಯಾಹ್ನ 2:34

ನೀ ಸುಮ್ಮನೆ ಮಂಡಕ್ಕಿ ತಿನ್ನು. ಅವನು ಹೇಳಲಿ.

ಮಾಜಾಳಿ ಝೆನ್
ಮಂಗಳವಾರ, ಸಂಜೆ 6:45

ಮಾವ, ನೀವು ನಮ್ಮ ಗಾಡಿಯೊಳಗೆ ಕೂತು ಬಂದಿದ್ದಿರಾ?

ಸೆಲ್ಫ್: ಹೌದು, ತಿಂಗಳಿಂದ ನಿಧಾನ. ಬ್ಯಾಟರಿ ಹಳೇದಾಯ್ತು ಅಂದುಕೊಂಡು ಹೊಸದು ಹಾಕಿದೆ, ಒಂದು ವಾರ ಪರವಾಗಿಲ್ಲ ಅನಿಸಿತು, ಮತ್ತೆ ಅದೇ. ಹೆಡ್‌ಲೈಟ್: ಈಗಲೇ ಪರೀಕ್ಷೆ ಮಾಡಿದೆ. ಎಂಜಿನ್ ಓಡ್ತಾ ಇರುವಾಗ ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲೆ, ಆರಿಸಿದರೆ ಕೆಳಗೆ! ಮೈ ಜುಂ ಅಂತು. ಸ್ಪೀಡೋಮೀಟರ್ ಮುಳ್ಳು ಮಾರಿ ಜಾತ್ರೆಯ ಡೊಳ್ಳಿನವರ ಹಾಗೆ ಕುಣೀತದೆ, ರೇಸ್ ಗಾಡಿಗೆ ಅದೆಂತಕ್ಕೆ ಅಂತ ಬಿಟ್ಟಿದ್ದೆ.

ಬ್ಯಾಟರಿ ಹಿಂದೆ ಇದೆ. ಮುಂದಿನ ಭಾರ ಕಡಿಮೆ ಆಗಲಿ ಅಂತ ಕೇಜ್ ಹಾಕಿದವರು ಹಿಂದಿನ ಸೀಟಿನ ಜಾಗಕ್ಕೆ ಒಯ್ದರು. ಪಾಸಿಟಿವ್‌ಗೆ ದಪ್ಪ ಕೇಬಲ್ ಮುಂದೆ ತನಕ ಎಳೆದಿದ್ದಾರೆ. ನೆಗೆಟಿವ್ ಅಲ್ಲೇ ಪಕ್ಕದಲ್ಲಿ ನೆಲದ ತಗಡಿಗೆ ಬೋಲ್ಟ್.

ವಾಯರಿಂಗ್ ಮಾವ, ಕುಮಟಾ
ಮಂಗಳವಾರ, ರಾತ್ರಿ 8:20

ಹಾಂ. ಸಿಕ್ಕಿತು. ನಿಧಾನಕ್ಕೆ ಓದು.

ಕರೆಂಟು ಬ್ಯಾಟರಿಯಿಂದ ಹೊರಟರೆ ಸಾಲದು, ಮನೆಗೆ ವಾಪಸ್ ಬರಬೇಕು. ಸೆಲ್ಫ್ ಮೋಟರ್ ತಿರುಗುವಾಗ ನೂರು ಆಂಪಿಯರ್ ಆಸುಪಾಸು ಎಳೀತದೆ. ಅಷ್ಟೂ ಎಂಜಿನ್ ಲೋಹಕ್ಕೆ ಬಂತು. ಈಗ ಅಲ್ಲಿಂದ ಬಾಡಿಗೆ ಹೇಗೆ ಬರಬೇಕು? ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ. ನೀರಿನ ಪೈಪು ರಬ್ಬರ್. ಸೈಲೆನ್ಸರ್ ತೂಗಿರುವುದೂ ರಬ್ಬರಿಗೆ. ಕಂಪನಿಯವರು ಬ್ಯಾಟರಿ ಮುಂದೆ ಇಟ್ಟು, ನೆಗೆಟಿವ್ ದಪ್ಪ ವಾಯರನ್ನು ಸೀದಾ ಗೇರ್‌ಬಾಕ್ಸಿಗೆ ಕೊಟ್ಟಿದ್ದರು. ನಿಮ್ಮ ವೆಲ್ಡಿಂಗಿನವರು ಅದನ್ನು ತೆಗೆದರು. ಈಗ ಉಳಿದದ್ದು ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ಸಣ್ಣ ಅರ್ಥ್ ಪಟ್ಟಿ. ಅದೂ ಮಾಜಾಳಿಯ ಉಪ್ಪುಗಾಳಿ ಕುಡಿದು ಕಿಲುಬು ಹಿಡಿದಿದೆ ಅಂತ ನನ್ನ ಲೆಕ್ಕ.

ದೊಡ್ಡ ದಾರಿ ಮುಚ್ಚಿತು, ಕರೆಂಟು ಒಳದಾರಿ ಹುಡುಕಿತು. ಎಂಜಿನ್ನಿಂದ ಬಾಡಿಗೆ ಹೋಗುವ ಲೋಹದ ವಸ್ತು ಮತ್ತೆ ಯಾವುದಿದೆ ಹೇಳು? ಕ್ಲಚ್ ಕೇಬಲ್. ಆಕ್ಸಿಲರೇಟರ್ ಕೇಬಲ್. ಸ್ಪೀಡೋಮೀಟರ್ ಕೇಬಲ್. ಅಷ್ಟು ಸಣ್ಣ ತಂತಿಯಲ್ಲಿ ಅಷ್ಟು ಕರೆಂಟು ಹರಿದರೆ ಅದು ತಂತಿ ಅಲ್ಲ, ಹೀಟರ್. ಒಳಗಿಂದ ಕರಗಿದ್ದು ಅದಕ್ಕೇ.

ಟೆಂಪರೇಚರ್ ಮುಳ್ಳಿನ ಕಥೆಯೂ ಅದೇ. ಎಂಜಿನ್ ಓಡುವಾಗ ಲೈಟಿಗೆ ಕರೆಂಟು ಕೊಡುವುದು ಆಲ್ಟರ್ನೇಟರ್, ಅದು ಎಂಜಿನ್ ಮೇಲೆ ಕೂತಿದೆ. ಲೈಟಿನ ಕರೆಂಟು ಬಾಡಿಯಿಂದ ಎಂಜಿನ್ನಿಗೆ ವಾಪಸ್ ಬರುವಾಗ ಅದೇ ಹಾಳು ಪಟ್ಟಿ ದಾಟಬೇಕು. ಅಲ್ಲಿ ವೋಲ್ಟೇಜ್ ಬಿದ್ದಷ್ಟೂ ಎಂಜಿನ್ ಬಾಡಿಗಿಂತ ಕೆಳಗೆ ಹೋಗ್ತದೆ, ಎಂಜಿನ್ನಿಗೇ ಅರ್ಥ್ ಆದ ಸೆನ್ಸರಿನಲ್ಲಿ ಹೆಚ್ಚು ಕರೆಂಟು ಹರೀತದೆ, ಮೀಟರ್ ಸುಳ್ಳು ಹೇಳ್ತದೆ. ನಿನ್ನ ಎಂಜಿನ್ ಬಿಸಿಯೇ ಆಗಿರಲಿಲ್ಲ.

ನಾಳೆ ಬೆಳಿಗ್ಗೆ ಒಂದು ಜಂಪರ್ ಕೇಬಲ್ ತಗೊಂಡು ಒಂದು ತುದಿ ಗೇರ್‌ಬಾಕ್ಸಿನ ಬೋಲ್ಟಿಗೆ, ಇನ್ನೊಂದು ತುದಿ ಬಾಡಿಯ ಬಣ್ಣ ಕೆರೆದ ಜಾಗಕ್ಕೆ ಕಚ್ಚಿಸಿ ಸೆಲ್ಫ್ ಹೊಡಿ. ವ್ಯತ್ಯಾಸ ಕಿವಿಗೇ ಗೊತ್ತಾಗ್ತದೆ.

ಬನವಾಸಿ ರೋಡ್
ಮಂಗಳವಾರ, ರಾತ್ರಿ 8:41

ತಪ್ಪಾತು ಮಾವ. ಯಂಗೆ ಅರ್ಥ ಆಗಿತ್ತಿಲ್ಲೆ, ಗಾಡಿಗೂ ಅರ್ಥ್ ಆಗಿತ್ತಿಲ್ಲೆ.

ಮೂರನೇ ಸೆಮಿಸ್ಟರ್
ಮಂಗಳವಾರ, ರಾತ್ರಿ 9:15

ಸರ್, ಒಂದು ಸಂಶಯ. ಕ್ಲಚ್ ಕೇಬಲ್ ತಂತಿ ಉಕ್ಕು, ಅದರ ರೆಸಿಸ್ಟೆನ್ಸ್ ತಾಮ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪಟ್ಟಿ ಎಷ್ಟೇ ಕೆಟ್ಟಿದ್ದರೂ ಕರೆಂಟು ಸುಲಭದ ದಾರಿ ಬಿಟ್ಟು ಕಷ್ಟದ ದಾರಿಯಲ್ಲಿ ಯಾಕೆ ಹೋಗ್ತದೆ? ಸೆಲ್ಫ್ ಹೊಡೆಯುವುದೂ ಎರಡು ಮೂರು ಸೆಕೆಂಡ್ ಅಷ್ಟೇ.

ವಾಯರಿಂಗ್ ಮಾವ, ಕುಮಟಾ
ಮಂಗಳವಾರ, ರಾತ್ರಿ 9:32

ಒಳ್ಳೆ ಪ್ರಶ್ನೆ. ಕರೆಂಟು ಒಂದೇ ದಾರಿಯಲ್ಲಿ ಹೋಗ್ತದೆ ಅಂತ ಯಾರು ಹೇಳಿದ್ದು? ಇದ್ದ ದಾರಿಯಲ್ಲೆಲ್ಲ ಹಂಚಿಕೊಂಡು ಹೋಗ್ತದೆ, ಅಗಲ ಇದ್ದಲ್ಲಿ ಹೆಚ್ಚು, ಕಿರಿದಿದ್ದಲ್ಲಿ ಕಡಿಮೆ. ಪಟ್ಟಿ ಚೆನ್ನಾಗಿದ್ದಾಗಲೂ ಕೇಬಲ್ಲಿನಲ್ಲಿ ಚೂರು ಹರೀತಾನೇ ಇರ್ತದೆ. ಪಟ್ಟಿ ಕೆಟ್ಟಾಗ ಪಾಲು ಬದಲಾಗ್ತದೆ. ಕ್ಲಚ್ ಕೇಬಲ್ಲಿನಲ್ಲಿ ತಂತಿ ಮಾತ್ರ ಅಲ್ಲ, ಹೊರಗಿನ ಉಕ್ಕಿನ ಸುರುಳಿಯೂ ಇದೆ.

ಸಮಯದ್ದು: ನಿನ್ನ ಕಾಲೇಜಿನ ಗಾಡಿ ದಿನಕ್ಕೆ ಎರಡು ಸಲ ಸ್ಟಾರ್ಟ್ ಆಗ್ತದೆ. ಆಟದ ದಿನ ಸಾಲಿನಲ್ಲಿ ನಿಂತು ಆಫ್ ಮಾಡು, ಆನ್ ಮಾಡು, ಮುಂದೆ ತಳ್ಳು, ಮತ್ತೆ ಆನ್ ಮಾಡು. ಇಪ್ಪತ್ತು ಸಲ ಆಗ್ತದೆ. ಅರ್ಥ್ ಇಲ್ಲದ್ದರಿಂದ ಸೆಲ್ಫ್ ನಿಧಾನ, ನಿಧಾನ ಆದಷ್ಟೂ ಹೆಚ್ಚು ಹೊತ್ತು ಹೊಡೀಬೇಕು, ಹೊಡೆದಷ್ಟೂ ತಂತಿ ಕಾಯ್ತದೆ. ಮನೆಯಲ್ಲಿ ತಿಂಗಳು ತಡೆಯುತ್ತಿದ್ದದ್ದು ಗದ್ದೆಯಲ್ಲಿ ಒಂದೇ ದಿನಕ್ಕೆ ಹೋಯ್ತು.

ಮಾಜಾಳಿ ಝೆನ್
ಬುಧವಾರ, ಬೆಳಿಗ್ಗೆ 10:50

ಮಾವ, ಕಾಲಿಗೆ ಬಿದ್ದೆ.

ಜಂಪರ್ ಕಚ್ಚಿಸಿ ಕೀಲಿ ತಿರುಗಿಸಿದರೆ ಪಟ್ಟನೆ ಸ್ಟಾರ್ಟ್. ತಿಂಗಳಿಂದ ಈ ಸದ್ದು ಕೇಳಿರಲಿಲ್ಲ. ಲೈಟ್ ಹಾಕಿದರೂ ಟೆಂಪರೇಚರ್ ಮುಳ್ಳು ಕದಲಲಿಲ್ಲ.

ಆಮೇಲೆ ಪಕ್ಕದ ಮನೆ ಲೈನ್‌ಮನ್ ಹತ್ತಿರ ಮೀಟರ್ ತಂದು ಅಳೆದೆ. ಕಾಯಿಲಿಗೆ ಬರುವ ಸಣ್ಣ ವಾಯರ್ ಬಿಚ್ಚಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಮೀಟರಿನ ಒಂದು ಕಡ್ಡಿ ಗೇರ್‌ಬಾಕ್ಸಿಗೆ, ಇನ್ನೊಂದು ಬಾಡಿಗೆ. ದೋಸ್ತ ಸೆಲ್ಫ್ ಹೊಡೆದ. ಜಂಪರ್ ಇಲ್ಲದೆ 2.5 ವೋಲ್ಟ್. ಜಂಪರ್ ಇದ್ದಾಗ 0.1. ಜಂಪರ್ ಇಲ್ಲದೆ ಹೊಡೆಯುವಾಗ ಕ್ಲಚ್ ಕೇಬಲ್ ಮೇಲೆ ಬೆರಳಿಟ್ಟಿದ್ದೆ. ಐದು ಸೆಕೆಂಡಿಗೆ ಕೈ ಹಿಂದೆ ತೆಗೆದೆ.

ಪಟ್ಟಿ ಕೊನೆಗೂ ಸಿಕ್ಕಿತು, ಗೇರ್‌ಬಾಕ್ಸ್ ಕಡೆಯ ಮೌಂಟಿನ ಹತ್ತಿರ. ಮೇಲಿಂದ ನೋಡಿದರೆ ಇದೆ ಅನಿಸ್ತದೆ. ಎಳೆದರೆ ತುದಿಯ ಲಗ್ (ಬೋಲ್ಟಿಗೆ ಕೂರುವ ಬಳೆ) ಕೈಗೇ ಬಂತು, ಒಳಗೆಲ್ಲ ಹಸಿರು ಹುಡಿ. ನಾಲ್ಕೈದು ಎಳೆ ಜೀವ ಹಿಡಿದಿದ್ದವು.

ಮೂರನೇ ಸೆಮಿಸ್ಟರ್
ಬುಧವಾರ, ಬೆಳಿಗ್ಗೆ 11:20

ಲೆಕ್ಕ ಹಾಕಿದೆ. 2.5 ವೋಲ್ಟ್ ಗುಣಿಸು 100 ಆಂಪಿಯರ್ ಅಂದರೆ 250 ವ್ಯಾಟ್. ನಮ್ಮ ಲ್ಯಾಬಿನ ಬೆಸುಗೆ ಕಡ್ಡಿ 25 ವ್ಯಾಟ್. ಹತ್ತು ಬೆಸುಗೆ ಕಡ್ಡಿಗಳ ಬಿಸಿ ಆ ಪಟ್ಟಿಗೂ ಕೇಬಲ್ಲುಗಳಿಗೂ ಹಂಚಿ ಹೋಗಿದೆ. ಸಂಶಯ ವಾಪಸ್ ತಗೊಂಡೆ.

ಡೀಸೆಲ್ ದೇವಿಮನೆ
ಬುಧವಾರ, ಮಧ್ಯಾಹ್ನ 12:05

ನಾನು ಥರ್ಮೋಸ್ಟ್ಯಾಟ್ ಅಂದಿದ್ದೆ, ನನ್ನ ಮಾತು ಕೇಳಿದ್ದರೆ ಒಂದು ರೇಡಿಯೇಟರ್ ತೊಳೆದು, ಒಂದು ಥರ್ಮೋಸ್ಟ್ಯಾಟ್ ಬದಲಿಸಿ ಮತ್ತೆ ಕೇಬಲ್ ಕಡಿಸಿಕೊಳ್ತಿದ್ದಿರಿ. ಆದರೆ ವೆಲ್ಡಿಂಗಿನವರ ಮೇಲೆ ನಾನು ಇಟ್ಟ ಗುಮಾನಿ ಅರ್ಧ ಸರಿ ಬಂತು, ಅದನ್ನು ಬರೆದಿಡಿ.

ನನ್ನದೊಂದು ಅನುಭವ. ಕರಾವಳಿ ಗಾಡಿಗೂ ಘಟ್ಟದ ಮೇಲಿನ ಗಾಡಿಗೂ ತುಕ್ಕು ಬೇರೆ ಬೇರೆ. ಶಿರಸಿ ಕಡೆ ಮಳೆ, ಕೆಸರು, ತಗಡಿನ ಕೆಳಗೆ ತುಕ್ಕು ಕಣ್ಣಿಗೆ ಕಾಣ್ತದೆ. ಕಾರವಾರ, ಅಂಕೋಲಾ ಕಡೆ ಬಣ್ಣ ಹೊಳೀತಾ ಇರ್ತದೆ, ವಾಯರಿನ ಒಳಗೆ ತಿಂದು ಮುಗಿಸಿರ್ತದೆ. ಹಳೇ ಗಾಡಿ ಕೊಳ್ಳುವಾಗ ನಾನು ಮೊದಲು ಫ್ಯೂಸ್ ಪೆಟ್ಟಿಗೆ ತೆಗೆದು ಮೂಸಿ ನೋಡ್ತೇನೆ. ನಗಬೇಡಿ.

ಅಘನಾಶಿನಿ
ಬುಧವಾರ, ಮಧ್ಯಾಹ್ನ 1:40

ನನ್ನನ್ನು ಕಾಡುತ್ತಿರುವುದು ಎರಡನೇ ಸ್ಪ್ರಿಂಗ್. ಸ್ಪ್ರಿಂಗ್ ಒಂದು ಮುರಿದರೆ ಇನ್ನೊಂದು ಇರಲಿ ಅಂತ ಅದನ್ನು ಕೇಳ್ತೇವೆ. ಕೇಬಲ್ಲೇ ಕವಚಕ್ಕೆ ಅಂಟಿದರೆ ಎರಡಲ್ಲ, ನಾಲ್ಕು ಸ್ಪ್ರಿಂಗ್ ಇದ್ದರೂ ಏನು ಮಾಡಿಯಾವು? ಹಾಗಾಗಿ ಇನ್ನು ಮೇಲೆ ಬ್ಯಾಟರಿ ಹಿಂದಕ್ಕೆ ಹೋದ ಗಾಡಿ ಬಂದರೆ ಅರ್ಥ್ ವಾಯರ್ ಎಲ್ಲಿ ಅಂತ ಕೇಳಬೇಕು ಅಂದುಕೊಂಡೆ. ತಪಾಸಣೆ ಪಟ್ಟಿಯಲ್ಲಿ ಬ್ಯಾಟರಿ ಬಿಗಿಯಾಗಿ ಕಟ್ಟಿದೆಯಾ, ಪಾಸಿಟಿವ್ ಟರ್ಮಿನಲ್ ಮುಚ್ಚಿದೆಯಾ ಅಂತ ಇದೆ, ಇದು ಇಲ್ಲ.

ಇನ್ನೊಂದು ಮಾತು. ನೀವು ಕೀಲಿ ತಿರುಗಿಸಿದ್ದು ಒಳ್ಳೇದಾಯ್ತು, ಆದರೆ ಇನ್ನೊಂದು ಮೆಟ್ಟಿಲು ಹಿಂದೆ ತಿರುಗಿಸಿ ಕೀಲಿ ಹೊರಗೆ ಬಂದಿದ್ದರೆ ಸ್ಟೇರಿಂಗ್ ಲಾಕ್ ಆಗ್ತಿತ್ತು. ಕೈಗೆ ಎಟಕುವಲ್ಲಿ ಕಟ್‌ಆಫ್ ಸ್ವಿಚ್ ಹಾಕಿಸಿ.

ಬನವಾಸಿ ರೋಡ್
ಬುಧವಾರ, ಮಧ್ಯಾಹ್ನ 2:10

ಕ್ಲಚ್ ಒತ್ತಿದ್ರೆ ಆಗಿತ್ತಲೇ? ಎಂಜಿನ್ ಕೂಗ್ತಾ ಇರಲಿ, ಗಾಡಿ ಬಿಟ್ಟುಕೊಳ್ತು.

ಮಾಜಾಳಿ ಝೆನ್
ಬುಧವಾರ, ಮಧ್ಯಾಹ್ನ 2:25

ಒತ್ತಿದ್ದೆ. ಪೂರ್ತಿ ಕೆಳಗೆ ಹೋಗಲಿಲ್ಲ. ಅದೂ ಅದೇ ಹೊತ್ತಿಗೆ ಬಿಗಿಯಾಗ್ತಾ ಇತ್ತಲ್ಲ. ಈಗ ನೆನೆಸಿಕೊಂಡರೆ ಹೊಟ್ಟೆಯೊಳಗೆ ಚಳಿ.

ವಾಯರಿಂಗ್ ಮಾವ, ಕುಮಟಾ
ಬುಧವಾರ, ಸಂಜೆ 5:00

ಈಗ ಮಾಡಬೇಕಾದ್ದು. ಹಳೇ ಪಟ್ಟಿಯ ಜಾಗಕ್ಕೆ ಅಂಥದ್ದೇ ಪಟ್ಟಿ ಹಾಕಿ ಕೈ ತೊಳೆಯಬೇಡ. ಪಾಸಿಟಿವ್ ಎಷ್ಟು ದಪ್ಪ ಇದೆಯೋ ಅಷ್ಟೇ ದಪ್ಪದ ವಾಯರನ್ನು ಬ್ಯಾಟರಿ ನೆಗೆಟಿವ್‌ನಿಂದ ಸೀದಾ ಗೇರ್‌ಬಾಕ್ಸ್ ತನಕ ಎಳಿ, 25 ಚದರ ಮಿಲಿಮೀಟರಿಗೆ ಕಡಿಮೆ ಬೇಡ. ಅದರ ಜೊತೆಗೆ ಎಂಜಿನ್ನಿಂದ ಬಾಡಿಗೆ ಬೇರೆ ಒಂದು ಪಟ್ಟಿ. ಬೋಲ್ಟ್ ಕೂರುವಲ್ಲಿ ಬಣ್ಣ ಪೂರ್ತಿ ಕೆರೆದು, ಬಿಗಿ ಮಾಡಿದ ಮೇಲೆ ಹೊರಗಿಂದ ಗ್ರೀಸೋ ವ್ಯಾಸಲೀನೋ ಬಳಿ. ಮೊದಲು ಬಿಗಿ, ಆಮೇಲೆ ಗ್ರೀಸ್. ಉಲ್ಟಾ ಮಾಡಿ ನನ್ನ ಹೆಸರು ಹೇಳಬೇಡ.

ಸ್ಪೀಡೋಮೀಟರ್ ಕೇಬಲ್ಲೂ ಬದಲಿಸು. ಗೇರ್‌ಬಾಕ್ಸ್ ಬೇರಿಂಗ್ ಸದ್ದು ಕಿವಿಗೊಟ್ಟು ಕೇಳು, ಕರೆಂಟು ಬೇರಿಂಗಿನ ಮೂಲಕವೂ ಹಾದಿದ್ದರೆ ಗುಂಡುಗಳ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿರ್ತದೆ. ಆ ವೆಲ್ಡಿಂಗಿನವರ ಹತ್ತಿರ ಜಗಳಕ್ಕೆ ಹೋಗಬೇಡ. ಅವರು ಕಬ್ಬಿಣದ ಕೆಲಸದವರು, ಕೇಜ್ ಗಟ್ಟಿ ಹಾಕಿದ್ದಾರಲ್ಲ. ಬ್ಯಾಟರಿ ಸರಿಸಿದ ದಿನ ನೀನೊಬ್ಬ ವಾಯರಿಂಗಿನವನನ್ನು ಕರೆಯಬೇಕಿತ್ತು.

ಮೂರನೇ ಸೆಮಿಸ್ಟರ್
ಬುಧವಾರ, ಸಂಜೆ 6:30

ಸ್ವಲ್ಪ ವಿಷಯಾಂತರ. ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ರೇಸ್ ಗಾಡಿ ಕಟ್ಟಿದ್ದು ಕೊಯಮತ್ತೂರಿನ ಕರಿವರ್ಧನ್. ಅಲ್ಲಿನ ಕರಿ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿಗೂ ಅವರದ್ದೇ ಹೆಸರು. ನಾವು ಕಾಲೇಜಿನಿಂದ ಕಟ್ಟುವ ಗಾಡಿಗೂ ಅಂಥದ್ದೇ ಹಳೇ ಎಂಜಿನ್ ಹುಡುಕ್ತಾ ಇದ್ದೇವೆ. ಕುಮಟಾ, ಹೊನ್ನಾವರ ಕಡೆ ಯಾರ ಮನೆ ಹಿಂದಾದರೂ ಬಿದ್ದಿದ್ದರೆ ಹೇಳಿ. ಚಾಸಿಗೆ ಅರ್ಥ್ ವಾಯರ್ ಎರಡು ಹಾಕ್ತೇವೆ, ಮಾವನ ಆಣೆ.

ಬನವಾಸಿ ರೋಡ್
ಬುಧವಾರ, ಸಂಜೆ 6:52

ಯಮ್ಮನೆ ಕೊಟ್ಟಿಗೆ ಹಿಂದೆ ಒಂದಿದ್ದು. ಮೇಲೆ ಕೋಳಿ ಮೊಟ್ಟೆ ಇಟ್ಟಿದ್ದು. ಮರಿ ಆದ ಮೇಲೆ ಬಾ.

ಮಾಜಾಳಿ ಝೆನ್
ಭಾನುವಾರ, ಸಂಜೆ 7:15

ಕೆಲಸ ಮುಗಿಯಿತು. ದಪ್ಪ ವಾಯರ್ ಹಿಂದಿನಿಂದ ಗೇರ್‌ಬಾಕ್ಸ್ ತನಕ, ಹೊಸ ಪಟ್ಟಿ, ಮೂರೂ ಕೇಬಲ್ ಹೊಸದು, ಕಟ್‌ಆಫ್ ಸ್ವಿಚ್ ಸ್ಟೇರಿಂಗ್ ಪಕ್ಕದಲ್ಲಿ. ಸೆಲ್ಫ್ ಹೊಡೆಯುವಾಗ 0.15 ವೋಲ್ಟ್. ನಿನ್ನೆ ರಾತ್ರಿ ಲೈಟ್ ಹಾಕಿಕೊಂಡು ಅಂಕೋಲಾ ತನಕ ಹೋಗಿ ಬಂದೆ, ಟೆಂಪರೇಚರ್ ಮುಳ್ಳು ನಡುವಿನಲ್ಲಿ ಮೊಳೆ ಹೊಡೆದ ಹಾಗೆ ನಿಂತಿತ್ತು. ಸ್ಪೀಡೋಮೀಟರೂ ಕುಣಿತ ನಿಲ್ಲಿಸಿದೆ. ಬೇರಿಂಗ್ ಸದ್ದು ಸದ್ಯಕ್ಕೆ ಇಲ್ಲ.

ಮಾವ, ನಿಮ್ಮ ಫೀಸು? ಅಂಕೋಲಾದ ಕರಿ ಇಶಾಡು ಮಾವಿನಹಣ್ಣು ಬರಲಿ, ಒಂದು ಬುಟ್ಟಿ ಕುಮಟಾಕ್ಕೆ ತಂದುಕೊಡ್ತೇನೆ.

ವಾಯರಿಂಗ್ ಮಾವ, ಕುಮಟಾ
ಭಾನುವಾರ, ರಾತ್ರಿ 8:00

ಬುಟ್ಟಿ ತರುವಾಗ ಆ ಸುಟ್ಟ ಕೇಬಲ್ ಮೂರನ್ನೂ ತಾ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ತೋರಿಸಬೇಕು, ಬಾಯಲ್ಲಿ ಹೇಳಿದರೆ ನಂಬುವುದಿಲ್ಲ.

ಮಾಜಾಳಿ ಝೆನ್
ಭಾನುವಾರ, ರಾತ್ರಿ 8:12

ಎರಡು ಇದ್ದಾವೆ, ತರ್ತೇನೆ. ಮೂರನೆಯದನ್ನು ಆಯಿ ಬಸಳೆ ಚಪ್ಪರಕ್ಕೆ ಕಟ್ಟಿ ಆಯ್ತು. ಬಳ್ಳಿ ಹಬ್ಬಿದೆ, ಈಗ ಬಿಚ್ಚಲಿಕ್ಕೆ ಬಿಡುವುದಿಲ್ಲ.